ಹೌದು, ಮಚ್ಚೆ ತೋರಿಸೋಕೇ ಡಾಕ್ಟರ್ ಹತ್ರ ಹೋಗ್ತೀನಿ

"ಮಚ್ಚೆಗೂ ಡಾಕ್ಟರಾ?" ಅಂತ ಕೇಳೋರಿಗೆ ಮೊದಮೊದ್ಲು ನಗ್ತಾ ಹೇಳ್ತಿದ್ದೆ, ಈಗ ಸಾಕಾಗಿದೆ, ಇನ್ಮೇಲೆ ಇದನ್ನೇ ಫಾರ್ವರ್ಡ್ ಮಾಡ್ತೀನಿ.

ನನ್ನ ಎಡ ಅಂಗಾಲಲ್ಲಿ, ಹಿಮ್ಮಡಿ ಹತ್ರ ಒಂದು ಮಚ್ಚೆ. ಅಂಚು ಸೊಟ್ಟ, ಒಂದ್ಕಡೆ ಕಾಫಿ ಬಣ್ಣ, ಇನ್ನೊಂದ್ಕಡೆ ಕಪ್ಪು, ಅಗಲ 5 ಮಿ.ಮೀ. ಕ್ಯಾನ್ಸರ್ ಏನಾದ್ರೂ ಆಗ್ತಿದ್ಯಾ ಅಂತ ಆರು ತಿಂಗಳಿಗೊಂದ್ಸಲ ತೋರಿಸ್ತೀನಿ. ಅಷ್ಟೇ.

ಆದ್ರೆ ಬಿಡ್ತಾರಾ? ಒಂದು ಗೃಹಪ್ರವೇಶದ ಊಟ, ಎಲೆಗೆ ಕೋಸಂಬರಿ ಬಿದ್ದಿದೆ ಅಷ್ಟೇ, ದೊಡ್ಡಮ್ಮ ಶುರು ಮಾಡಿದ್ರು, "ಅಂಗಾಲ್ ಮಚ್ಚೆ ಅಂದ್ರೆ ಫಾರಿನ್ ಯೋಗ ಕಣೋ, ಮುಟ್ಟಬೇಡ." ನಲವತ್ತೆರಡು ವರ್ಷದಿಂದ ಆ ಯೋಗ ಹೊತ್ಕೊಂಡು ತಿರುಗ್ತಿದೀನಿ, ಇನ್ನೂ ಮಂತ್ರಾಲಯ ದಾಟಿಲ್ಲ. ಪಕ್ಕದಲ್ಲಿದ್ದ ಭಾವ, "ಸುಣ್ಣ, ಸೋಡಾ ಕಲಸಿ ಹಚ್ಚು, ಉದುರೋಗುತ್ತೆ." ಸುಟ್ಟು ಹಾಕಿದ್ಮೇಲೆ ಬಯಾಪ್ಸಿಗೆ ಏನನ್ನ ಕಳಿಸೋದು ಭಾವ, ಬೂದಿನಾ? ಎದುರು ಸಾಲಿಂದ ಇನ್ನೊಬ್ರು, "ಸ್ಕಿನ್ ಕ್ಯಾನ್ಸರ್ ಬಿಳೀ ಜನಕ್ಕೆ ಬರೋದು." ಸರಿ, ಮೆಲನೋಮಾ, ಅಂದ್ರೆ ಮಚ್ಚೆ ಥರ ಕಾಣೋ ಸ್ಕಿನ್ ಕ್ಯಾನ್ಸರ್, ನಮ್ಮಲ್ಲಿ ಕಮ್ಮಿನೇ. ಆದ್ರೆ ಬಂದ್ರೆ ಅದು ಹೆಚ್ಚಾಗಿ ಹುಡುಕೋದೇ ಬಿಸಿಲು ಬೀಳದ ಜಾಗ, ಅಂಗಾಲು, ಅಂಗೈ, ಉಗುರಿನ ಅಡಿ. ಜಮೈಕಾದ ಹಾಡುಗಾರ ಬಾಬ್ ಮಾರ್ಲಿಗೆ ಶುರುವಾಗಿದ್ದು ಕಾಲ್ಬೆರಳಿನ ಉಗುರಿನ ಕೆಳಗೆ, 1981ರಲ್ಲಿ ತೀರ್ಕೊಂಡಾಗ ಬರೀ 36 ವರ್ಷ. ಇದನ್ನ ಹೇಳಿದ್ರೆ "ಊಟದ್ ಹೊತ್ತಲ್ಲಿ ಅಪಶಕುನ ನುಡೀಬೇಡ" ಅಂತ ನನಗೇ ಬೈದ್ರು! ವಿಷಯ ಎತ್ತಿದ್ದು ಯಾರು ಸ್ವಾಮಿ?

"ಡಾಕ್ಟ್ರು ಅದ್ರಲ್ಲಿ ಏನ್ ನೋಡ್ತಾರೆ?" ಅಂತ ಒಬ್ರಾದ್ರೂ ಕೇಳಿದ್ರೆ ಹೋಳಿಗೆ ಬರೋ ತನಕ ಹೇಳ್ತಿದ್ದೆ. ಡರ್ಮೋಸ್ಕೋಪ್ ಅಂತ, ಲೈಟಿರೋ ಭೂತಗನ್ನಡಿ, ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತೆ. ಜೆಲ್ ಹಚ್ಚಿ ಇಟ್ರೆ ಅಂಗಾಲು ಥೇಟ್ ಉತ್ತ ಹೊಲ, ದಿಂಡು, ಸಾಲು, ದಿಂಡು, ಸಾಲು. ಬಣ್ಣ ಸಾಲಿನೊಳಗೆ ಗೆರೆ ಎಳೆದ ಹಾಗಿದ್ರೆ ಸಾಮಾನ್ಯವಾಗಿ ತೊಂದ್ರೆ ಇಲ್ಲ, ದಿಂಡಿನ ಮೇಲೆ ಕೂತಿದ್ರೆ ಅನುಮಾನ. ನಂದು ಸಾಲಲ್ಲೇ ಇದೆ, ಒಂದು ಮೂಲೇಲಿ ಮಾತ್ರ ಕಲಸಿದಂಗಿದೆ. ಆ ಮೂಲೆ ಹಿಂದಿನ ಫೋಟೋಗಿಂತ ಬದಲಾದ್ರೆ ತೆಗೆದು ಲ್ಯಾಬಿಗೆ, ಇಲ್ಲಾಂದ್ರೆ ಮನೆಗೆ. ಆ ಮೂಲೆ ನೋಡ್ತಾ ಇರೋವಾಗ ಡಾಕ್ಟ್ರು ಮಾತಾಡಲ್ಲ, ನಾನು ಗೋಡೆ ಕ್ಯಾಲೆಂಡರಲ್ಲಿ ಏಕಾದಶಿ ಯಾವತ್ತು ಅಂತ ಹುಡುಕ್ತಿರ್ತೀನಿ.

ನಡುವೆ ಮನೇಲೂ ಫೋಟೋ ತೆಗೀಬೇಕು. ನಾನು ಬೋರಲು ಮಲಗ್ತೀನಿ, ಮಗಳು ತನ್ನ ಜಾಮಿಟ್ರಿ ಬಾಕ್ಸ್ ಸ್ಕೇಲನ್ನ ಮಚ್ಚೆ ಪಕ್ಕ ಹಿಡೀತಾಳೆ, ಹೆಂಡ್ತಿ ಕ್ಲಿಕ್ ಮಾಡ್ತಾಳೆ. ಮೊನ್ನೆ ಫೋನು "ವರ್ಷದ ಹಿಂದೆ ಇದೇ ದಿನ" ಅಂತ ಮ್ಯೂಸಿಕ್ ಹಾಕಿ ನನ್ನ ಹಿಮ್ಮಡಿನೇ ತೋರಿಸ್ತು.