ಅಬಿಸ್ಕೋದಲ್ಲಿ ನೆತ್ತಿಗೇರಿದ ಧ್ರುವ

ಸಂಜೆ ಸ್ಟಾಕ್‌ಹೋಮ್‌ನಲ್ಲಿ ರೈಲು ಹತ್ತಿದ ನಾನು ಮತ್ತು ಮಗಳು ಅಬಿಸ್ಕೋದಲ್ಲಿ ಇಳಿದಾಗ ಮರುದಿನ ಮಧ್ಯಾಹ್ನ. ಆರ್ಕ್ಟಿಕ್ ವೃತ್ತದಿಂದ ಸುಮಾರು 200 ಕಿ.ಮೀ. ಉತ್ತರಕ್ಕಿರುವ, ಸ್ವೀಡನ್ನಿನ ಸಣ್ಣ ಹಳ್ಳಿ. ರಾತ್ರಿ ಆಕಾಶದಲ್ಲಿ ಅಲೆಯುವ ಬಣ್ಣದ ಬೆಳಕು, ಧ್ರುವಪ್ರಭೆ (ಅರೋರಾ) ನೋಡಲೆಂದೇ ಬಂದಿದ್ದೆವು. ಫೆಬ್ರವರಿ ತಿಂಗಳು, ಮೈನಸ್ 22 ಡಿಗ್ರಿ. ಬಿಟ್ಟ ಉಸಿರು ಮಫ್ಲರ್ ಮೇಲೆ ಹಿಮವಾಗಿ ಕೂರುತ್ತಿತ್ತು.

ಮೊದಲ ರಾತ್ರಿ ಬರೀ ಮೋಡ. ತುಂಬಾ ಬೇಜಾರಾಯಿತು. ಆದರೆ ಮಗಳು ಈ ಊರನ್ನು ಸುಮ್ನೆ ಆರಿಸಿರಲಿಲ್ಲ. ನಾರ್ವೆ ಕಡೆಯ ಮೋಡಗಳು ಪಶ್ಚಿಮದ ಬೆಟ್ಟಗಳಲ್ಲೇ ಹಿಮ ಸುರಿಸಿ ಹಗುರಾಗುತ್ತವೆ. ಶಿರಸಿಯಿಂದ ಹಾವೇರಿ ಕಡೆ ಹೋದಂತೆ ಮಳೆ ಕಡಿಮೆಯಾಗುತ್ತದಲ್ವಾ, ಹಾಗೆ.

ಎರಡನೇ ರಾತ್ರಿ ಆಕಾಶ ತೆರೆಯಿತು. 70 ಕಿ.ಮೀ. ಉದ್ದದ ಟೋರ್ನೆಟ್ರೆಸ್ಕ್ ಸರೋವರ ಹೆಪ್ಪುಗಟ್ಟಿತ್ತು. ಅದರ ಮೇಲೇ ನಡೆದು ಊರಿನ ದೀಪಗಳಿಂದ ದೂರ ಹೋದೆವು. ಆಗಾಗ ಕಾಲಡಿ ಎಲ್ಲೋ ಮಂಜುಗಡ್ಡೆ ಗುಡುಗುತ್ತಿತ್ತು. ಟಾರ್ಚ್ ಆರಿಸಿದೆವು.

ಅಭ್ಯಾಸಬಲದಿಂದ ಧ್ರುವ ನಕ್ಷತ್ರವನ್ನು ಕೆಳಗೆ ಹುಡುಕಿದೆ. ಚಿಕ್ಕವಳಿದ್ದಾಗ ಅಜ್ಜ ಅದನ್ನು ತೋಟದ ಅಡಿಕೆ ಮರಗಳ ತಲೆಯ ಹತ್ತಿರ ತೋರಿಸುತ್ತಿದ್ದ. ಇಲ್ಲಿ ಕಾಣಲೇ ಇಲ್ಲ. ಸಪ್ತರ್ಷಿಗಳ ಜಾಡು ಹಿಡಿದು ಹೋದರೆ, ಹತ್ತಿರ ಹತ್ತಿರ ನೆತ್ತಿಯ ಮೇಲಿದೆ! ನಾವಿರುವ ಅಕ್ಷಾಂಶ ಎಷ್ಟೋ ಧ್ರುವ ಅಷ್ಟೇ ಎತ್ತರ. ಶಿರಸಿಯಲ್ಲಿ 15 ಡಿಗ್ರಿಗಿಂತಲೂ ಕಡಿಮೆ, ಇಲ್ಲಿ 68. ನಮ್ಮೂರಲ್ಲಿ ಎತ್ತರಕ್ಕೇರುವ ನಕ್ಷತ್ರಪುಂಜ ಮಹಾವ್ಯಾಧ (ಓರಿಯನ್) ಇಲ್ಲಿ ದಕ್ಷಿಣದ ಬೆಟ್ಟಕ್ಕೆ ಒರಗಿದ್ದ. ಎಷ್ಟು ದೂರ ಬಂದಿದ್ದೇನೆ ಎಂದು ನನಗೆ ಗೊತ್ತಾಗಿದ್ದು ಆಗಲೇ. ಅಜ್ಜನಿಗೆ ಇದನ್ನು ತೋರಿಸಬೇಕಿತ್ತು ಅನ್ನಿಸಿ ಕಣ್ಣು ತುಂಬಿತು.

ಆಮೇಲೆ ಉತ್ತರದಲ್ಲಿ ಬಿಳಿಚಿದ ಒಂದು ಪಟ್ಟಿ ಕಂಡಿತು. ಮೋಡ ಅಂದುಕೊಂಡೆ. ಮಗಳು ಮೊಬೈಲಿನಲ್ಲಿ ಫೋಟೋ ತೆಗೆದರೆ ಅದು ಹಸಿರು. ಬೆಳಕು ಮಂದವಾಗಿದ್ದಾಗ ನಮ್ಮ ಕಣ್ಣಿಗೆ ಬಣ್ಣ ಸಿಗುವುದಿಲ್ಲ.

"ಆಯಿ, ಮೇಲೆ ನೋಡು!"

ಪಟ್ಟಿ ಸೀಳಿ ಪರದೆಯಾಗಿ ಇಡೀ ಆಕಾಶದಲ್ಲಿ ಅಲೆಯತೊಡಗಿತು. ಈಗ ಬರಿಗಣ್ಣಿಗೂ ಹಸಿರು. ಸೂರ್ಯನಿಂದ ಹೊರಟ ಕಣಗಳ ಹೊಡೆತಕ್ಕೆ 100 ಕಿ.ಮೀ.ಗೂ ಮೇಲಿನ ಆಮ್ಲಜನಕ ಹೊಳೆಯುವ ಬಣ್ಣ ಅದು. ಅಂಚಿನಲ್ಲಿ ಕ್ಷಣಕಾಲ ಗುಲಾಬಿ ಓಡಿತು, ಅದು ಸಾರಜನಕದ್ದು. ಇಷ್ಟೆಲ್ಲ ನಡೆದರೂ ಒಂದು ಸದ್ದಿಲ್ಲ. ಹಿಮವೂ ಹಸಿರಾಯಿತು, ಮಗಳ ಮುಖವೂ.

ಚಳಿಗೆ ಮೊಬೈಲ್ ಸತ್ತುಹೋಯಿತು. ಒಳ್ಳೆಯದೇ ಆಯಿತು. ಹಿಮದ ಮೇಲೆ ಮಲಗಿ ಒಂದು ಗಂಟೆಯವರೆಗೆ ನೋಡಿದೆವು. ಆ ಹಸಿರಿನ ಹಿಂದೆ ಧ್ರುವ ಇದ್ದಲ್ಲೇ ಮಿನುಗುತ್ತಿತ್ತು.