ನಿಂತಾಗ ಇಳಿಯುವ ಬಿಪಿ: 1-1-1 ಎಂದರೆ ಬೆಳಿಗ್ಗೆ-ಮಧ್ಯಾಹ್ನ-ರಾತ್ರಿ ಅಲ್ಲ

ನಿಂತಾಗ ಬಿಪಿ ಇಳಿಯದಂತೆ ಕೊಡುವ ಮಿಡೋಡ್ರಿನ್ ಮಾತ್ರೆಯ ಚೀಟಿಯಲ್ಲಿ 1-1-1 ಎಂದಿದ್ದರೆ ಮನೆಯವರು ಅದನ್ನು ತಿಂಡಿ, ಮಧ್ಯಾಹ್ನದ ಊಟ, ರಾತ್ರಿ ಊಟ ಅಂತಲೇ ಓದಿಕೊಳ್ಳುತ್ತಾರೆ. ರಾತ್ರಿ ಒಂಬತ್ತಕ್ಕೆ ಮೂರನೆಯ ಮಾತ್ರೆ, ಹತ್ತಕ್ಕೆ ಹಾಸಿಗೆ. ಎಡವಟ್ಟಾಗುವುದೇ ಅಲ್ಲಿ.

ಎದ್ದು ನಿಂತ ಕೂಡಲೇ ಅರ್ಧದಿಂದ ಒಂದು ಲೀಟರ್‌ನಷ್ಟು ರಕ್ತ ಹೊಟ್ಟೆ ಮತ್ತು ಕಾಲುಗಳ ಕಡೆಗೆ ಇಳಿಯುತ್ತದೆ. ಆಗ ನರಗಳ ತುದಿಯಿಂದ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಹೊರಬಂದು ರಕ್ತನಾಳಗಳನ್ನು ಬಿಗಿಮಾಡಬೇಕು. ಪಾರ್ಕಿನ್ಸನ್, ಮಿದುಳಿನ ನರಕೋಶಗಳು ಸವೆಯುವ ಮಲ್ಟಿಪಲ್ ಸಿಸ್ಟಮ್ ಅಟ್ರೋಫಿ, ಲೂಯಿ ಬಾಡಿ ಮರೆವಿನ ಕಾಯಿಲೆ, ಹಳೆಯ ಸಕ್ಕರೆ ಕಾಯಿಲೆ ಇವುಗಳಲ್ಲಿ ಈ ನರಗಳ ಕೆಲಸವೇ ಕೆಡಬಹುದು. ಕಣ್ಣು ಕತ್ತಲೆ ಬರುವುದು ಎಲ್ಲರಿಗೂ ಗೊತ್ತು. ಕತ್ತು-ಹೆಗಲು ಹಿಡಿದಂತೆ ನೋಯುವುದೂ, ಮಲಗಿದರೆ ಆ ನೋವು ಹೋಗುವುದೂ ಇದರದೇ ಲಕ್ಷಣ ಅಂತ ಬಹಳ ಜನಕ್ಕೆ ಗೊತ್ತಿಲ್ಲ.

ಅಳೆಯುವುದು ಹೀಗೆ: ಐದು ನಿಮಿಷ ಮಲಗಿಸಿ ಬಿಪಿ, ನಾಡಿ ಎರಡನ್ನೂ ಬರೆದುಕೊಳ್ಳಿ. ನಿಲ್ಲಿಸಿ ಒಂದನೇ ನಿಮಿಷಕ್ಕೆ ಒಮ್ಮೆ, ಮೂರನೇ ನಿಮಿಷಕ್ಕೆ ಒಮ್ಮೆ ನೋಡಿ. ತೋಳು ಎದೆಯ ಮಟ್ಟದಲ್ಲಿರಲಿ. ಕೈ ಜೋತುಬಿಟ್ಟರೆ ಅಂಕಿ ಸುಳ್ಳೇ ಜಾಸ್ತಿ ಬರುತ್ತದೆ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ತೊಂದರೆ ಇದೆ ಎಂದರ್ಥ. ಮಲಗಿದಾಗ 160/90, ನಾಡಿ 68. ನಿಂತಾಗ 104/62, ನಾಡಿ 74 ಅಂತಿಟ್ಟುಕೊಳ್ಳಿ. ಬಿಪಿಯ ಮೇಲಿನ ಅಂಕಿ 56 ಬಿದ್ದರೂ ನಾಡಿ ಏರಿದ್ದು ಬರೀ 6. ನಾಡಿಯ ಏರಿಕೆಯನ್ನು ಬಿಪಿಯ ಇಳಿಕೆಯಿಂದ ಭಾಗಿಸಿದಾಗ 0.5ಕ್ಕಿಂತ ಕಡಿಮೆ ಬಂದರೆ ದೋಷ ನರದ್ದಿರುವ ಸಾಧ್ಯತೆ ಹೆಚ್ಚು. ಬರೀ ನೀರು ಕಡಿಮೆಯಾಗಿದ್ದರೆ ನಾಡಿ ಚೆನ್ನಾಗಿ ಓಡುತ್ತಿತ್ತು. ಹೃದಯದ ವೇಗ ತಗ್ಗಿಸುವ ಮಾತ್ರೆ, ಪೇಸ್‌ಮೇಕರ್ ಇದ್ದವರಲ್ಲಿ ಈ ಲೆಕ್ಕ ನಡೆಯದು.

ಹೊಸ ಮಾತ್ರೆಗೆ ಮೊದಲು ಹಳೆಯ ಮಾತ್ರೆಗಳ ಡಬ್ಬಿ ತೆರೆಯಬೇಕು. ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್, ನಿದ್ದೆಗೋ ನೋವಿಗೋ ಅಮಿಟ್ರಿಪ್ಟಿಲಿನ್, ಕಾಲೂತಕ್ಕೆ ಮೂತ್ರ ಹೋಗಿಸುವ ಮಾತ್ರೆ ಎಲ್ಲವೂ ನಿಂತಾಗಿನ ಬಿಪಿಯನ್ನು ಇಳಿಸಬಲ್ಲವು. ಟ್ಯಾಮ್ಸುಲೋಸಿನ್ ಕಥೆಯಂತೂ ವಿಚಿತ್ರ. ರಕ್ತನಾಳ ಬಿಗಿಯಲೆಂದು ಮಿಡೋಡ್ರಿನ್ ಒತ್ತುವ ಆಲ್ಫಾ ಗುಂಡಿಯನ್ನೇ (ಗ್ರಾಹಕವನ್ನೇ) ಅದು ಮುಚ್ಚುತ್ತದೆ. ಮಿಡೋಡ್ರಿನ್‌ನಿಂದ ಮೂತ್ರ ಕಟ್ಟಿದಾಗ ಅದಕ್ಕೆಂದು ಟ್ಯಾಮ್ಸುಲೋಸಿನ್ ಸೇರಿಸಿದರೆ ಎರಡು ಎತ್ತು ಎರಡು ದಿಕ್ಕಿಗೆ ಎಳೆದಂತೆ. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಕೂಡ ಬಿಪಿ ಇಳಿಸುತ್ತದೆ, ಆದರೆ ಅದನ್ನು ಮನೆಯಲ್ಲೇ ನಿಲ್ಲಿಸಬಾರದು, ಕೈಕಾಲು ಬಿಗಿದುಕೊಳ್ಳುತ್ತವೆ.

ಈಗ ಮಿಡೋಡ್ರಿನ್. 2.5 ಮಿಲಿಗ್ರಾಂನಿಂದ ಶುರು, ಒಂದು ಸಲಕ್ಕೆ 10ರವರೆಗೆ. ಅರ್ಧದಿಂದ ಒಂದು ಗಂಟೆಯಲ್ಲಿ ಹಿಡಿಯುತ್ತದೆ, ಎರಡು ಮೂರು ಗಂಟೆಯಲ್ಲಿ ಬಿಡುತ್ತದೆ. ಹಾಗಾಗಿ ಅದನ್ನು ಊಟಕ್ಕಲ್ಲ, ಓಡಾಟಕ್ಕೆ ಕಟ್ಟಬೇಕು. ಬೆಳಿಗ್ಗೆಯೇ ಬಿಪಿ ತೀರಾ ಕೆಳಗಿರುವ ಹೊತ್ತು. ಮಾತ್ರೆ ನುಂಗಿ, ದಿಂಬಿಗೊರಗಿ ಅರ್ಧ ಗಂಟೆ ಕೂತು ಆಮೇಲೆ ಸ್ನಾನಕ್ಕೆ ಏಳುವುದು ಸರಿ. ಆರು, ಹನ್ನೊಂದು, ಸಂಜೆ ನಾಲ್ಕು ಹೀಗೊಂದು ವೇಳೆ ಅನೇಕರಿಗೆ ಹೊಂದುತ್ತದೆ. ಕೊನೆಯದಕ್ಕೂ ಮಲಗುವುದಕ್ಕೂ ಕನಿಷ್ಠ ನಾಲ್ಕು ಗಂಟೆ ಅಂತರ ಬೇಕೇ ಬೇಕು. ಇಲ್ಲದಿದ್ದರೆ ಮಲಗಿದಾಗ ಬಿಪಿ 180 ದಾಟಬಹುದು. ತಲೆಬುರುಡೆ ತುರಿಸಿ ಮೈ ಜುಮ್ಮೆಂದರೆ ಗಾಬರಿ ಬೇಡ, ಮಾತ್ರೆ ಕೆಲಸ ಮಾಡುತ್ತಿರುವ ಗುರುತು ಅದು.

ಇದೇ ತೊಂದರೆಗೆ ಬೇರೆ ಮಾತ್ರೆಗಳೂ ಇವೆ. ಫ್ಲುಡ್ರೋಕಾರ್ಟಿಸೋನ್ ಉಪ್ಪು-ನೀರನ್ನು ಮೈಯಲ್ಲಿ ಹಿಡಿದಿಡುತ್ತದೆ. ದಿನಕ್ಕೆ 0.1 ಮಿಲಿಗ್ರಾಂ, ಹೆಚ್ಚೆಂದರೆ 0.2. ಪೂರ್ತಿ ಪರಿಣಾಮಕ್ಕೆ ಒಂದು ವಾರವಾದರೂ ಕಾಯಬೇಕು, ಮೂರೇ ದಿನಕ್ಕೆ ಡೋಸ್ ಏರಿಸುವುದು ತಪ್ಪು. ಪೊಟ್ಯಾಶಿಯಂ ಇಳಿಯುವುದರಿಂದ ರಕ್ತಪರೀಕ್ಷೆ ಆಗುತ್ತಿರಬೇಕು. ಹೃದಯ ದುರ್ಬಲವಿದ್ದವರಿಗೆ ಇದು ಒಗ್ಗದು. ಪಿರಿಡೋಸ್ಟಿಗ್ಮಿನ್ 30ರಿಂದ 60 ಮಿಲಿಗ್ರಾಂ ಸೌಮ್ಯ. ಮಲಗಿದಾಗಿನ ಬಿಪಿಯನ್ನು ಏರಿಸುವುದಿಲ್ಲ ಎಂಬುದೇ ಅದರ ಗುಣ. ಡ್ರೋಕ್ಸಿಡೋಪಾ ಮೈಯೊಳಗೆ ನಾರ್‌ಅಡ್ರಿನಲಿನ್ ಆಗಿ ಬದಲಾಗುತ್ತದೆ. ಜಪಾನಿನಲ್ಲಿ 1989ರಿಂದ ಇದೆ, ಅಮೆರಿಕ ಒಪ್ಪಿದ್ದು 2014ರಲ್ಲಿ.

ತುರ್ತಿಗೆ ಇವೆಲ್ಲಕ್ಕಿಂತ ಬೇಗ ಒದಗುವುದು ನೀರು. ಅರ್ಧ ಲೀಟರ್ ತಣ್ಣೀರನ್ನು ಮೂರು ನಾಲ್ಕು ನಿಮಿಷದಲ್ಲಿ ಕುಡಿದರೆ ಹತ್ತು ನಿಮಿಷದೊಳಗೆ ಬಿಪಿ ಏರತೊಡಗುತ್ತದೆ, ಸುಮಾರು ಒಂದು ಗಂಟೆ ನಿಲ್ಲುತ್ತದೆ. ಗುಟುಕು ಗುಟುಕಾಗಿ ಕುಡಿದರೆ ಆ ಫಲವಿಲ್ಲ. ನುಂಗಲು ಕಷ್ಟವಿರುವವರಿಗೆ ಮಾತ್ರ ಈ ಉಪಾಯ ಬೇಡ. ಹೊಟ್ಟೆ ಬಿರಿಯ ಮುದ್ದೆ-ಅನ್ನ ಉಂಡಮೇಲೆ ಎರಡು ಗಂಟೆ ಬಿಪಿ ಇನ್ನಷ್ಟು ಇಳಿಯುತ್ತದೆ. ಅದೇ ಊಟವನ್ನು ಎರಡು ಸಲಕ್ಕೆ ಹಂಚಿ.

ರಾತ್ರಿ ಸಪಾಟಾಗಿ ಮಲಗಿದರೆ ಬಿಪಿ ಏರಿ, ಆ ಒತ್ತಡಕ್ಕೆ ಮೂತ್ರಪಿಂಡ ಉಪ್ಪು-ನೀರನ್ನು ಸುರಿದುಬಿಡುತ್ತದೆ. ನಾಲ್ಕು ಸಲ ಬಚ್ಚಲಿಗೆ ಏಳುವುದು, ಬೆಳಗಾಗುವಾಗ ಮೈ ಒಣಗಿ ಬಿಪಿ ನೆಲಕಚ್ಚುವುದು ಎರಡೂ ಇದರಿಂದಲೇ. ಮಂಚದ ತಲೆಕಡೆಯ ಎರಡು ಕಾಲುಗಳ ಕೆಳಗೆ ಎರಡೆರಡು ಇಟ್ಟಿಗೆ ಮಲಗಿಸಿಟ್ಟು ಆರೆಂಟು ಇಂಚು ಎತ್ತರಿಸಿ. ದಿಂಬು ಪೇರಿಸಿದರೆ ಕತ್ತು ಬಾಗುತ್ತದೆ ಅಷ್ಟೇ. ಮೂತ್ರದ ಪಾತ್ರೆ ಹಾಸಿಗೆಯ ಪಕ್ಕದಲ್ಲೇ ಇರಲಿ.