ಬರೀ ಗಂಟಲಲ್ಲಿ

ಇವತ್ತು ಮುಂಬೈ ಲೋಕಲ್ ಟ್ರೈನು, ಡೊಂಬಿವ್ಲಿ ಫಾಸ್ಟಲ್ಲಿ ಎದುರು ನಿಂತಿದ್ದ ಹುಡುಗಿ ಟೀಶರ್ಟ್ ಮೇಲೆ ಐರಿಶ್ ಗಾಯಕಿ ಶಿನೇಡ್ ಓ'ಕಾನರ್, ಅದೇ ಬೋಳು ತಲೆ, ಅದೇ ದೊಡ್ಡ ಕಣ್ಣು. ಠಾಣೆ ಬರೋವರೆಗೂ ನೋಡ್ತಾನೇ ಇದ್ದೆ.

1992ರ ಅಕ್ಟೋಬರ್ 3ಕ್ಕೆ ಅಮೆರಿಕದ ಲೈವ್ ಟಿವಿಯಲ್ಲಿ ಪೋಪ್ ಫೋಟೋ ಹರಿದಾಕಿದ್ಲು, ಚರ್ಚಲ್ಲಿ ಮಕ್ಕಳ ಮೇಲೆ ಆಗ್ತಿದ್ದ ದೌರ್ಜನ್ಯದ ವಿರುದ್ಧ. ಅದು ಎಲ್ರಿಗೂ ಗೊತ್ತು ಬಿಡಿ.

ನಂಗೆ ಕಾಡೋದು ಅದಾಗಿ ಎರಡು ವಾರಕ್ಕೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಲ್ಲಿ ಬಾಬ್ ಡಿಲನ್ ಗೌರವಕ್ಕೆ ನಡೆದ ಸಂಗೀತ ಕಾರ್ಯಕ್ರಮ, ಆ ಫೋಟೋ ಸಿಟ್ಟಿಗೆ ಜನ ಹೋ ಅಂತ ಕಿರುಚ್ತಿದಾರೆ, ಇವಳು ಮ್ಯೂಸಿಕ್ ನಿಲ್ಲಿಸೋಕೆ ಹೇಳಿ, ಹಾಡ್ಬೇಕಿದ್ದ ಡಿಲನ್ ಹಾಡು ಬಿಟ್ಟು ಬಾಬ್ ಮಾರ್ಲಿಯ ‘ವಾರ್’ ಎತ್ಕೊಂಡ್ಲು, ವಾದ್ಯ ಇಲ್ಲ ಏನಿಲ್ಲ, ಬರೀ ಗಂಟಲು. ಆಗಿನ್ನೂ 25 ವಯಸ್ಸು ಕಣ್ರೀ!

ಚರ್ಚಿನವರು ನಡೆಸ್ತಿದ್ದ ಸಂಸ್ಥೆಗಳಲ್ಲಿ ಮಕ್ಕಳ ಮೇಲಾದ ದೌರ್ಜನ್ಯನ ಬಯಲು ಮಾಡಿದ ಐರ್ಲೆಂಡಿನ ರಯಾನ್ ವರದಿ ಬಂದಿದ್ದು 2009ರಲ್ಲಿ.

ಮ್ಯಾಡಿಸನ್ ಸ್ಕ್ವೇರಿನ ಆ ರಾತ್ರಿ ಅಮೆರಿಕದ ಗಾಯಕ ಕ್ರಿಸ್ ಕ್ರಿಸ್ಟಾಫರ್ಸನ್ ಬಂದು ಅವಳನ್ನ ತಬ್ಕೊಂಡ್ರು. ಅಷ್ಟಕ್ಕೇ ಆ ಮನುಷ್ಯನ ಮೇಲೆ ನಂಗೆ ಇವತ್ತಿಗೂ ಪ್ರೀತಿ.